ಆಫೀಸ್ ಸರ್ವರಿಗೆ ಯಾವ ಓಎಸ್ ಹಾಕೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಆಡಿಟರ್ ಆಫೀಸು, ಸಹಕಾರ ಸಂಘ, ಪ್ರಿಂಟಿಂಗ್ ಪ್ರೆಸ್ಸು, ಒಂದೆರಡು ಶಾಲೆ. ಇಂಥ ಕಡೆ ಸರ್ವರ್, ಅಂದರೆ ಎಲ್ಲರ ಫೈಲನ್ನೂ ಒಂದೇ ಕಡೆ ಇಟ್ಟು ಹಂಚುವ ಕಂಪ್ಯೂಟರ್, ಹಾಕಿಕೊಟ್ಟು ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೆ ನಾನು ಹಾಕುವ ಓಎಸ್ (ಆಪರೇಟಿಂಗ್ ಸಿಸ್ಟಂ) ಪುಕ್ಕಟೆ ಸಿಗುವ ಲಿನಕ್ಸ್. ಎಲ್ಲೂ 30 ಕಂಪ್ಯೂಟರಿಗಿಂತ ಜಾಸ್ತಿ ಇಲ್ಲ. ಫೋನಿನಲ್ಲಿ, ಟೀ ಕುಡಿಯುವಾಗ, ಸರಿಯಾಗಿ ಬಿಲ್ ಕೊಡುವ ಹೊತ್ತಿಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ದೊಡ್ಡ ಡೇಟಾ ಸೆಂಟರ್ ನಡೆಸುವವರಿಗೆ ಇದು ಸಾಲದು, ಅವರು ನನ್ನನ್ನು ಕೇಳುವುದೂ ಇಲ್ಲ.

ನಮಗೆ ಸರ್ವರ್ ಬೇಕೇ ಬೇಕಾ?

ಎಲ್ಲರಿಗೂ ಬೇಕಿಲ್ಲ. ಮೂರು ಜನ ಕೂತು ಒಂದು ಪ್ರಿಂಟರ್ ಹಂಚಿಕೊಳ್ಳುವ ಆಫೀಸಿಗೆ ಸರ್ವರ್ ಕೊಡಿಸುವುದು ಸೈಕಲ್ಲಿಗೆ ಸ್ಟೆಪ್ನಿ ಕಟ್ಟಿದ ಹಾಗೆ. ಆದರೆ ಒಂದೇ ಫೈಲು ನಾಲ್ಕು ಮೆಷಿನ್ನಿನಲ್ಲಿ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಅಂತ ಬಿದ್ದಿದೆಯಾ? ಯಾರಾದರೂ ರಜೆ ಹಾಕಿದ ದಿನ ಫೋನ್ ಮಾಡಿ ಅವರ ಪಾಸ್‌ವರ್ಡ್ ಕೇಳ್ತೀರಾ? ಹಾಗಿದ್ದರೆ ಬೇಕು.

ಪುಕ್ಕಟೆ ಅಂದ್ರೆ ನಿಜವಾಗ್ಲೂ ಪುಕ್ಕಟೆನಾ?

ಓಎಸ್‌ಗೆ ದುಡ್ಡಿಲ್ಲ, ಹೌದು. ಇಂಗ್ಲಿಷಿನವರಿಗೆ ಎರಡು ಅರ್ಥಕ್ಕೂ ‘ಫ್ರೀ’ ಅನ್ನುವ ಒಂದೇ ಪದ ಇರುವುದರಿಂದ ಅವರು ಇದನ್ನು ವಿವರಿಸಲು ತಿಣುಕುತ್ತಾರೆ. ನಮಗೆ ಆ ಕಷ್ಟ ಇಲ್ಲ. ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಲಿನಕ್ಸ್ ಎರಡೂ ಹೌದು: ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ತೆಗೆದು ನೋಡಬಹುದು, ಬದಲಾಯಿಸಬಹುದು, ಪಕ್ಕದ ಆಫೀಸಿಗೆ ಕಾಪಿ ಮಾಡಿ ಕೊಟ್ಟರೂ ಕಳ್ಳತನ ಅಲ್ಲ.

ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಕೊಂಡರೆ ಲೆಕ್ಕವೇ ಬೇರೆ. ಪ್ರೊಸೆಸರಿನ ಕೋರ್ ಎಣಿಸಿ ಲೈಸೆನ್ಸ್ ಕೊಳ್ಳಬೇಕು, ಕಡಿಮೆ ಅಂದರೂ 16 ಕೋರ್‌ಗೆ. ಅದರ ಮೇಲೆ, ಸರ್ವರ್ ಬಳಸುವ ಪ್ರತಿಯೊಬ್ಬರಿಗೂ ಅಥವಾ ಪ್ರತಿ ಮೆಷಿನ್ನಿಗೂ ಒಂದೊಂದು ‘ಕ್ಯಾಲ್’ ಅಂತ ಬೇರೆ ಲೈಸೆನ್ಸ್. ಸರ್ವರ್ ಕೊಂಡ ಎಷ್ಟೋ ಜನಕ್ಕೆ ಈ ಎರಡನೆಯದು ಇದೆ ಅಂತಲೇ ಗೊತ್ತಿರುವುದಿಲ್ಲ.

ಆದರೆ ನನ್ನ ಕೂಲಿ ಪುಕ್ಕಟೆ ಅಲ್ಲ. ಯುಪಿಎಸ್, ಡಿಸ್ಕು, ಬ್ಯಾಕಪ್ಪಿಗೆ ಇನ್ನೊಂದು ಡಿಸ್ಕು, ಯಾವುದೂ ಪುಕ್ಕಟೆ ಅಲ್ಲ. ಲೈಸೆನ್ಸಿನಲ್ಲಿ ಉಳಿದ ದುಡ್ಡನ್ನು ಇವುಗಳಿಗೆ ಹಾಕಿ ಅಂತ ನಾನು ಹೇಳುವುದು.

ಕಥೆ ಬೇಡ, ಯಾವುದು ಹಾಕಬೇಕು ಅಂತ ಒಂದೇ ಮಾತಲ್ಲಿ ಹೇಳಿ.

ಡೆಬಿಯನ್ ಸ್ಟೇಬಲ್.

ನಿಮಗೆ ಬೇಕಾದ ತಂತ್ರಾಂಶದವರು ‘ಉಬುಂಟು ಮೇಲೆ ಮಾತ್ರ’ ಅಂದರೆ ಉಬುಂಟು ಎಲ್‌ಟಿಎಸ್ (ಹೆಚ್ಚು ವರ್ಷ ಅಪ್‌ಡೇಟ್ ಸಿಗುವ ಆವೃತ್ತಿ). ‘ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಮೇಲೆ ಮಾತ್ರ’ ಅಂದರೆ ಆಲ್ಮಾಲಿನಕ್ಸ್ ಇಲ್ಲವೇ ರಾಕಿ. ನಿಮ್ಮೂರಲ್ಲಿ ಸರ್ವರ್ ನೋಡಿಕೊಳ್ಳುವ ಹುಡುಗನಿಗೆ ಇವುಗಳಲ್ಲಿ ಒಂದು ಚೆನ್ನಾಗಿ ಗೊತ್ತಿದ್ದರೆ, ಮೇಲೆ ಹೇಳಿದ್ದನ್ನು ಬಿಟ್ಟು ಅದನ್ನೇ ಹಾಕಿ. ರಾತ್ರಿ 11ಕ್ಕೆ ಸರ್ವರ್ ನಿಂತರೆ ಬರುವವನು ಅವನು, ನಾನಲ್ಲ.

ಎಲ್ಲಾ ಲಿನಕ್ಸೇ ಅಲ್ವಾ, ಇಷ್ಟೊಂದು ಹೆಸರು ಯಾಕೆ?

ಲಿನಕ್ಸ್ ಅನ್ನುವುದು ನಿಜಕ್ಕೂ ಕರ್ನೆಲ್‌ನ ಹೆಸರು. 1991ರಲ್ಲಿ ಫಿನ್‌ಲೆಂಡಿನಲ್ಲಿ ಓದುತ್ತಿದ್ದ ಲೈನಸ್ ಟೊರ್ವಾಲ್ಡ್ಸ್ ಅದನ್ನು ಶುರು ಮಾಡಿದರು. ಅದನ್ನು ಇಂಜಿನ್ ಅಂದುಕೊಳ್ಳಿ. ಅದಕ್ಕೆ ಬಾಡಿ ಕಟ್ಟಿ, ಸೀಟು ಹಾಕಿ, ರಸ್ತೆಗೆ ಇಳಿಸುವವರು ಬೇರೆ ಬೇರೆ. ಹಾಗೆ ಕಟ್ಟಿದ್ದಕ್ಕೆ ಡಿಸ್ಟ್ರೋ ಅಂತಾರೆ. ಇಂಜಿನ್ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಎರಡು ಕಡೆ: ಹೊಸ ಆವೃತ್ತಿಯನ್ನು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ, ಬಿಟ್ಟದ್ದಕ್ಕೆ ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತಾರೆ. ಆಫೀಸ್ ಸರ್ವರಿಗೆ ಎರಡನೆಯದೇ ಮುಖ್ಯ. ನಾನು ಹಾಕುವ ಪ್ರತಿ ಸರ್ವರಿನ ಡಬ್ಬಿಯ ಮೇಲೂ ಒಂದು ಚೀಟಿ ಅಂಟಿಸುತ್ತೇನೆ, ಓಎಸ್ ಹೆಸರು ಚಿಕ್ಕದಾಗಿ, ಅಪ್‌ಡೇಟ್ ನಿಲ್ಲುವ ತಾರೀಖು ದೊಡ್ಡದಾಗಿ. ಹಾಲಿನ ಪ್ಯಾಕೆಟ್ ಮೇಲೆ ಇರುತ್ತಲ್ಲ, ಹಾಗೆ.

ಡೆಬಿಯನ್‌ನಲ್ಲಿ ಅಂಥದ್ದೇನಿದೆ?

ಏನೂ ಇಲ್ಲ, ಅದೇ ಅದರ ಗುಣ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು. ತನ್ನ ಹೆಸರಿನ ಜೊತೆ ಆಗ ಗೆಳತಿಯಾಗಿದ್ದ ಡೆಬ್ರಾ ಹೆಸರು ಸೇರಿಸಿ ಡೆಬಿಯನ್ ಅಂತ ಇಟ್ಟರು. ಅದರ ಹಿಂದೆ ಕಂಪನಿ ಇಲ್ಲ, ಸ್ವಯಂಸೇವಕರು ಇದ್ದಾರೆ. ಮಾರಾಟ ಆಗುವ ಭಯ ಇಲ್ಲ, ಯಾಕೆಂದರೆ ಮಾರೋಕೆ ಮಾಲೀಕನೇ ಇಲ್ಲ.

ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಸ್ಟೇಬಲ್ ಬರುತ್ತದೆ. 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಪ್ರತಿಯೊಂದಕ್ಕೂ ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎರಡು ವರ್ಷ ಎಲ್‌ಟಿಎಸ್ ತಂಡದ ಬೆಂಬಲ, ಒಟ್ಟು ಐದು. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಇದ್ದಲ್ಲೇ ಏರಬಹುದು, ಫಾರ್ಮ್ಯಾಟ್ ಮಾಡಬೇಕಿಲ್ಲ.

‘ಅದರಲ್ಲಿ ಎಲ್ಲಾ ಹಳೇ ಸಾಫ್ಟ್‌ವೇರ್ ಇರುತ್ತೆ’ ಅಂತ ಹುಡುಗರು ಮೂಗು ಮುರಿಯುತ್ತಾರೆ. ಇರುತ್ತೆ. ಆದರೆ 2024ರ ಮಾರ್ಚ್‌ನಲ್ಲಿ ಏನಾಯಿತು ನೋಡಿ. ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಅನ್ನುವ ಸಣ್ಣ ತಂತ್ರಾಂಶದಲ್ಲಿ ಯಾರೋ ಕಳ್ಳದಾರಿ ಸೇರಿಸಿಬಿಟ್ಟಿದ್ದರು. ಒಬ್ಬಿಬ್ಬರು ಅಲ್ಲಿ ವರ್ಷಗಟ್ಟಲೆ ಒಳ್ಳೆಯವರ ಹಾಗೆ ಕೆಲಸ ಮಾಡಿ ನಂಬಿಕೆ ಗಳಿಸಿ, ಆಮೇಲೆ ಕೈಕೊಟ್ಟ ಕಥೆ ಅದು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್‌ಗೆ ಸಿಕ್ಕಿದ ಸುಳಿವು ಏನು ಗೊತ್ತಾ? ದೂರದಿಂದ ಸರ್ವರಿನೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ಜಾಸ್ತಿ ತಗೊಳ್ತಿತ್ತು. ಅಷ್ಟೇ. ಆ ಕೆಟ್ಟ ಆವೃತ್ತಿಗಳು 5.6.0 ಮತ್ತು 5.6.1. ಡೆಬಿಯನ್‌ನ ಪರೀಕ್ಷಾ ಶಾಖೆಗಳಿಗೆ ಅವು ಬಂದುಬಿಟ್ಟಿದ್ದವು. ಸ್ಟೇಬಲ್‌ನಲ್ಲಿ ಹಳೆಯದೇ ಇತ್ತು, ಏನೂ ಆಗಲಿಲ್ಲ. ಆ ವಾರ ನನ್ನ ಸರ್ವರ್‌ಗಳ ಪಟ್ಟಿ ಹಿಡಿದು ಕೂತವನು ಹತ್ತು ನಿಮಿಷದಲ್ಲಿ ಎದ್ದು ಊಟಕ್ಕೆ ಹೋದೆ.

ಉಬುಂಟು ಸುಲಭ ಅಂತಾರಲ್ಲ?

ಡೆಸ್ಕ್‌ಟಾಪಿಗೆ ಆ ಮಾತು ಸರಿ. ಸರ್ವರಿನಲ್ಲಿ ಎರಡೂ ಕಪ್ಪು ಪರದೆಯೇ, ಆಜ್ಞೆಗಳೂ ಬಹುಪಾಲು ಒಂದೇ. ಉಬುಂಟು ಕಟ್ಟಿರುವುದೇ ಡೆಬಿಯನ್ ಮೇಲೆ. 2004ರಲ್ಲಿ ಮಾರ್ಕ್ ಶಟಲ್‌ವರ್ತ್ ಅವರ ಕೆನಾನಿಕಲ್ ಕಂಪನಿ ಮೊದಲ ಆವೃತ್ತಿ ಬಿಟ್ಟಿತು. ಇದರ ಲಾಭ ದಾಖಲೆಗಳಲ್ಲಿ: ಏನೇ ತೊಂದರೆ ಬಂದರೂ ಅದೇ ತೊಂದರೆ ಅನುಭವಿಸಿ ಬರೆದವರು ನೂರು ಜನ ಸಿಗುತ್ತಾರೆ. ಇಆರ್‌ಪಿನೆಕ್ಸ್ಟ್ ಥರದ ವ್ಯವಹಾರದ ತಂತ್ರಾಂಶ ಹಾಕುವವರೂ ಹೆಚ್ಚಾಗಿ ಉಬುಂಟುವಿನಲ್ಲೇ ಪಳಗಿರುತ್ತಾರೆ.

ಒಂದೇ ಎಚ್ಚರ. ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್ ಮಾತ್ರ ಹಾಕಿ: 22.04, 24.04, ಹೀಗೆ. ಅವಕ್ಕೆ ಐದು ವರ್ಷ ಬೆಂಬಲ. ನಡುವೆ ಬರುವವಕ್ಕೆ ಬರೀ 9 ತಿಂಗಳು. ಯಾರೋ ‘ಲೇಟೆಸ್ಟ್ ಹಾಕಿದೀನಿ ಸಾರ್’ ಅಂತ 23.10 ಹಾಕಿ ಹೋಗಿದ್ದ ಆಫೀಸನ್ನು ನಾನು ಕಂಡಿದ್ದೇನೆ. ಮುಂದಿನ ಜುಲೈಗೆ ಅದರ ಕಥೆ ಮುಗಿದಿತ್ತು. ಉಬುಂಟು ಪ್ರೋ ತಗೊಂಡರೆ ಹತ್ತು ವರ್ಷದವರೆಗೆ ಅಪ್‌ಡೇಟ್ ಸಿಗುತ್ತದೆ. ವೈಯಕ್ತಿಕ ಬಳಕೆಗೆ 5 ಮೆಷಿನ್‌ವರೆಗೆ ಅದು ಪುಕ್ಕಟೆ. ಅದಕ್ಕಿಂತ ಜಾಸ್ತಿ ಇದ್ದರೆ ದುಡ್ಡು.

ನಮ್ಮಲ್ಲಿ ಸೆಂಟ್‌ಓಎಸ್ 7 ಇದೆ, ಚೆನ್ನಾಗೇ ಓಡ್ತಿದೆ. ಮುಟ್ಟಬೇಕಾ?

ಮುಟ್ಟಬೇಕು. 2024ರ ಜೂನ್ 30ಕ್ಕೆ ಅದರ ಅಪ್‌ಡೇಟ್ ನಿಂತಿದೆ. ಓಡ್ತಿದೆ ಅನ್ನುವುದು ಬೇರೆ, ಸುರಕ್ಷಿತವಾಗಿದೆ ಅನ್ನುವುದು ಬೇರೆ. ಬ್ರೇಕ್ ಸವೆದ ಗಾಡಿಯೂ ಓಡುತ್ತೆ.

ಇದರ ಕಥೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಓಎಸ್ ಆರಿಸುವಾಗ ಏನು ನೋಡಬೇಕು ಅನ್ನುವುದು ಇದರಲ್ಲೇ ಇದೆ. ರೆಡ್ ಹ್ಯಾಟ್ ತನ್ನ ಲಿನಕ್ಸನ್ನು ದುಡ್ಡಿಗೆ ಕೊಡುತ್ತದೆ, ಸೋರ್ಸ್ ಕೋಡನ್ನು ಬಹಿರಂಗವಾಗಿ ಇಡುತ್ತಿತ್ತು. 2004ರಿಂದ ಆ ಕೋಡನ್ನೇ ತೆಗೆದು, ರೆಡ್ ಹ್ಯಾಟ್ ಹೆಸರು ಅಳಿಸಿ, ಹಾಗೆಹಾಗೇ ಕಟ್ಟಿ ಪುಕ್ಕಟೆ ಕೊಟ್ಟದ್ದು ಸೆಂಟ್‌ಓಎಸ್. ಹತ್ತು ವರ್ಷ ಬೆಂಬಲ, ಪೈಸೆ ಖರ್ಚಿಲ್ಲ. ಹೋಸ್ಟಿಂಗ್ ಕಂಪನಿ, ಕಾಲೇಜು, ಎಲ್ಲಾ ಕಡೆ ಅದೇ. 2014ರಲ್ಲಿ ರೆಡ್ ಹ್ಯಾಟ್ ಆ ಯೋಜನೆಯನ್ನೇ ತನ್ನ ಮಡಿಲಿಗೆ ತಗೊಂಡಿತು. ಎಲ್ಲರೂ ಇನ್ನೂ ಭದ್ರವಾಯಿತು ಅಂದುಕೊಂಡರು.

2020ರ ಡಿಸೆಂಬರ್ 8ರಂದು ಪ್ರಕಟಣೆ ಬಂತು: ಸೆಂಟ್‌ಓಎಸ್ 8ಕ್ಕೆ ಬೆಂಬಲ 2021ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅದು 2029ರವರೆಗೆ ಇರುತ್ತದೆ ಅಂತ ನಂಬಿ ಹಾಕಿದವರಿಗೆ ಉಳಿದದ್ದು ಒಂದು ವರ್ಷ ಚಿಲ್ಲರೆ. ಇನ್ನು ಮುಂದೆ ‘ಸ್ಟ್ರೀಮ್’ ಮಾತ್ರ, ಅಂದರೆ ರೆಡ್ ಹ್ಯಾಟ್‌ನ ಮುಂದಿನ ಆವೃತ್ತಿಗೆ ಸೇರುವ ಬದಲಾವಣೆಗಳು ಮೊದಲು ಬರುವ ಜಾಗ. ತಮಾಷೆ ಅಂದ್ರೆ, ಹಳೆಯ 7ರ ತಾರೀಖನ್ನು ಮುಟ್ಟಲಿಲ್ಲ. ಹಾಗಾಗಿ 8ಕ್ಕೆ ಏರದೆ ಸೋಮಾರಿತನ ಮಾಡಿದವರೇ ಇನ್ನೂ ಎರಡೂವರೆ ವರ್ಷ ನೆಮ್ಮದಿಯಾಗಿದ್ದರು.

ರಾಕಿನಾ, ಆಲ್ಮಾನಾ?

ಆ ಪ್ರಕಟಣೆಯ ನಂತರ ಹುಟ್ಟಿದ ಎರಡು ಕೂಸುಗಳು ಇವು. ಆಲ್ಮಾಲಿನಕ್ಸ್ 2021ರ ಮಾರ್ಚ್‌ನಲ್ಲಿ ಬಂತು. ಕ್ಲೌಡ್‌ಲಿನಕ್ಸ್ ಕಂಪನಿ ಶುರು ಮಾಡಿ, ಈಗ ಒಂದು ಫೌಂಡೇಶನ್ ಕೈಯಲ್ಲಿದೆ. ರಾಕಿ ಅದೇ ವರ್ಷ ಜೂನ್‌ನಲ್ಲಿ ಬಂತು. ಸೆಂಟ್‌ಓಎಸ್ ಶುರು ಮಾಡಿದವರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಜರ್ ಅದರ ಹಿಂದಿದ್ದಾರೆ. ತೀರಿಹೋದ ಜೊತೆಗಾರ ರಾಕಿ ಮೆಕ್‌ಗಾ ನೆನಪಿಗೆ ಆ ಹೆಸರು.

2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಸೋರ್ಸ್ ಕೋಡನ್ನು ಬಹಿರಂಗವಾಗಿ ಇಡುವುದನ್ನು ನಿಲ್ಲಿಸಿ, ಗ್ರಾಹಕರಿಗೆ ಮಾತ್ರ ಅಂದಿತು. ರಾಕಿಯವರು ಬೇರೆ ದಾರಿಯಿಂದ ಕೋಡ್ ತಂದು ‘ಒಂದಕ್ಕೊಂದು ಅದೇ’ ಅನ್ನುವ ಹಠ ಉಳಿಸಿಕೊಂಡರು. ಆಲ್ಮಾದವರು ಆ ಹಠ ಬಿಟ್ಟು, ‘ರೆಡ್ ಹ್ಯಾಟ್ ಮೇಲೆ ಓಡುವ ತಂತ್ರಾಂಶ ನಮ್ಮ ಮೇಲೂ ಓಡಿದರೆ ಸಾಕು’ ಅಂದರು. ಸಣ್ಣ ಆಫೀಸಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ನನಗೆ ಆಲ್ಮಾ ಇಷ್ಟ, ಕಾರಣ ಮುಂದೆ ಹಳೇ ಕಂಪ್ಯೂಟರ್ ಪ್ರಶ್ನೆಯಲ್ಲಿದೆ.

ಫೆಡೋರಾ? ಆರ್ಚ್?

ನಿಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ. ಫೆಡೋರಾದ ಒಂದು ಆವೃತ್ತಿಗೆ ಸುಮಾರು 13 ತಿಂಗಳು ಆಯಸ್ಸು. ಆರ್ಚ್‌ಗೆ ಆವೃತ್ತಿಯೇ ಇಲ್ಲ, ದಿನಾ ಬದಲಾಗುತ್ತಿರುತ್ತದೆ. ನನ್ನ ಚೀಟಿಯ ಮೇಲೆ ಏನಂತ ಬರೆಯಲಿ?

ನಮ್ಮ ದೇಶದ್ದೇ ಒಂದು ಇದೆಯಂತಲ್ಲ?

ಇದೆ, ಬಾಸ್ ಅಂತ. ಸಿ-ಡ್ಯಾಕ್ ಸಂಸ್ಥೆಯದು, ಇದೂ ಡೆಬಿಯನ್ ಮೇಲೇ ಕಟ್ಟಿದ್ದು. ಭಾರತೀಯ ಭಾಷೆಗಳಿಗೆ ಒತ್ತು ಕೊಟ್ಟು ಸರ್ಕಾರಿ ಕಚೇರಿಗಳಿಗೆ ಅಂತ ಮಾಡಿದ್ದಾರೆ. ಖಾಸಗಿ ಆಫೀಸಿನ ಸರ್ವರಿಗೆ ನಾನು ಮೂಲ ಡೆಬಿಯನ್ನನ್ನೇ ಹಾಕ್ತೀನಿ. ಅಂದಹಾಗೆ, ಕೇಂದ್ರ ಸರ್ಕಾರ 2015ರಲ್ಲೇ ತನ್ನ ಇಲಾಖೆಗಳಿಗೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ತಂದಿದೆ. ಸರ್ಕಾರಿ ಅನುದಾನದ ಸಂಸ್ಥೆಯ ಕಮಿಟಿಯಲ್ಲಿ ‘ಇದೆಲ್ಲ ನಂಬಬಹುದಾ’ ಅಂತ ಯಾರಾದರೂ ಕೇಳಿದರೆ ಇದನ್ನು ತೋರಿಸಿ. ನನಗೆ ಎರಡು ಸಲ ಉಪಯೋಗಕ್ಕೆ ಬಂದಿದೆ.

ಫ್ರೀಬಿಎಸ್‌ಡಿ ಹೇಗೆ?

ಇದು ಲಿನಕ್ಸ್ ಅಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ವಂಶದ್ದು, 1993ರಿಂದ ಇದೆ. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು, ಅದರ ಕೈಪಿಡಿ ಓದುವುದೇ ಒಂದು ಸುಖ. ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಅದರ ಜೊತೆಗೇ ಬರುತ್ತದೆ, ಬರೆದದ್ದು ಕೆಟ್ಟಿದೆಯಾ ಅಂತ ತಾನೇ ಪರೀಕ್ಷಿಸುತ್ತದೆ. ದೊಡ್ಡ ಸ್ಟೋರೇಜ್ ಬೇಕಾದವರು ಯೋಚಿಸಬಹುದು. ಆದರೆ ಜಿಲ್ಲಾ ಕೇಂದ್ರದಲ್ಲಿ ಫ್ರೀಬಿಎಸ್‌ಡಿ ಗೊತ್ತಿರುವ ಎರಡನೇ ಮನುಷ್ಯನನ್ನು ಹುಡುಕಿಕೊಡಿ, ಆಮೇಲೆ ಮಾತಾಡೋಣ.

ಮೂಲೆಯಲ್ಲಿ ಹಳೇ ಡೆಸ್ಕ್‌ಟಾಪ್ ಇದೆ. ಅದನ್ನೇ ಸರ್ವರ್ ಮಾಡಬಹುದಾ?

ಫೈಲ್ ಇಟ್ಟು ಹಂಚಿಕೊಳ್ಳೋಕೆ ಮಾತ್ರ ಆದರೆ ಖಂಡಿತ. 4 ಜಿಬಿ ರ‍್ಯಾಮ್ ಸಾಕು. ಹಳೇ ಹಾರ್ಡ್ ಡಿಸ್ಕನ್ನು ಮಾತ್ರ ಕಿತ್ತು ಬಿಸಾಕಿ. ಒಂದೇ ಅಳತೆಯ ಎರಡು ಹೊಸ ಡಿಸ್ಕ್ ಹಾಕಿ ರೇಡ್ 1 ಮಾಡಿ, ಅಂದರೆ ಬರೆದದ್ದೆಲ್ಲ ಎರಡರಲ್ಲೂ ಬೀಳಲಿ. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ.

ಪ್ರೊಸೆಸರ್ ವಿಷಯದಲ್ಲಿ ಒಂದು ಮಾತು. 32 ಬಿಟ್ ಮೆಷಿನ್ ಆದರೆ ಬಿಟ್ಟುಬಿಡಿ, ಡೆಬಿಯನ್ ಕೂಡ 13ನೇ ಆವೃತ್ತಿಯಿಂದ ಅದಕ್ಕೆ ಇನ್‌ಸ್ಟಾಲರ್ ಕೊಡುವುದಿಲ್ಲ. 64 ಬಿಟ್ ಆದರೂ, 2025ರಲ್ಲಿ ಬಂದ ರೆಡ್ ಹ್ಯಾಟ್ 10 ಮತ್ತು ರಾಕಿ 10 ಹಳೇ ಪ್ರೊಸೆಸರನ್ನು ಒಪ್ಪುವುದಿಲ್ಲ. ಇಂಟೆಲ್‌ನಲ್ಲಾದರೆ ಸುಮಾರಾಗಿ 4ನೇ ತಲೆಮಾರಿನದಾದರೂ ಬೇಕು. ಆಲ್ಮಾದವರು 10ಕ್ಕೂ ಹಳೇ ಪ್ರೊಸೆಸರಿಗೆ ಅಂತ ಬೇರೆ ಕಟ್ಟಿ ಕೊಡುತ್ತಾರೆ. ಹಳೇ ಪೆಟ್ಟಿಗೆಗಳ ನಡುವೆ ಬದುಕುವ ನನ್ನಂಥವನಿಗೆ ಇದು ದೊಡ್ಡ ಉಪಕಾರ. ಡೆಬಿಯನ್‌ಗೆ ಇದರ ತಕರಾರೇ ಇಲ್ಲ.

ಟ್ಯಾಲಿ ಓಡುತ್ತಾ?

ಎಲ್ಲರ ಮೊದಲ ಪ್ರಶ್ನೆ ಇದೇ, ನಾನೇ ಇಷ್ಟು ಕೆಳಗೆ ತಂದಿಟ್ಟೆ. ಟ್ಯಾಲಿ ಬೆಂಗಳೂರಿನದೇ ಆದರೂ ವಿಂಡೋಸ್‌ಗೆ ಬರೆದ ತಂತ್ರಾಂಶ. ಲಿನಕ್ಸ್ ಮೇಲೆ ಏನೇನೋ ಸರ್ಕಸ್ ಮಾಡಿ ಓಡಿಸುವವರಿದ್ದಾರೆ. ಮಾರ್ಚ್ ಕೊನೆಯ ವಾರದಲ್ಲಿ ಅದು ಕೈಕೊಟ್ಟರೆ ಅಕೌಂಟೆಂಟ್ ಮುಖ ನೋಡುವ ಧೈರ್ಯ ನನಗಿಲ್ಲ.

ನಾನು ಮಾಡುವುದು ಇಷ್ಟು. ಟ್ಯಾಲಿಗೆ ಅಂತ ಒಂದು ಒಳ್ಳೆಯ ವಿಂಡೋಸ್ ಮೆಷಿನ್ ಬಿಡ್ತೀನಿ, ಲೈಸೆನ್ಸೂ ಡೇಟಾವೂ ಅಲ್ಲೇ ಇರಲಿ. ಲಿನಕ್ಸ್ ಸರ್ವರ್ ದಿನಾ ರಾತ್ರಿ ಆ ಡೇಟಾ ಫೋಲ್ಡರನ್ನು ಎಳೆದುಕೊಂಡು ತಾರೀಖು ಹಾಕಿ ಇಟ್ಟುಕೊಳ್ಳುತ್ತದೆ. ಸರ್ವರ್ ಗಟ್ಟಿಯಾಗಿದ್ದರೆ ಇನ್ನೊಂದು ದಾರಿ ಇದೆ: ಡೆಬಿಯನ್ ಮೇಲೆ ಕಟ್ಟಿರುವ ಪ್ರಾಕ್ಸ್‌ಮಾಕ್ಸ್ ಹಾಕಿ, ಅದರೊಳಗೆ ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ವಿಂಡೋಸ್ ಓಡಿಸುವುದು. ಆ ವಿಂಡೋಸ್‌ಗೆ ಲೈಸೆನ್ಸ್ ಬೇಕೇ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಉಳಿದವರೆಲ್ಲ ವಿಂಡೋಸ್‌ನಲ್ಲೇ ಇದ್ದಾರೆ. ಅವರಿಗೆ ಸರ್ವರ್ ಕಾಣುತ್ತಾ?

ಕಾಣುತ್ತೆ, ಸಾಂಬಾ ಇರುವುದೇ ಅದಕ್ಕೆ. ಆಸ್ಟ್ರೇಲಿಯಾದ ಆಂಡ್ರೂ ಟ್ರಿಜೆಲ್ 1992ರಲ್ಲಿ ಶುರು ಮಾಡಿದ್ದು. ವಿಂಡೋಸ್ ಫೈಲ್ ಹಂಚುವ ಭಾಷೆಗೆ ಎಸ್‌ಎಂಬಿ ಅಂತ ಹೆಸರು. ಆ ಮೂರು ಅಕ್ಷರ ಇರುವ ಪದವನ್ನು ಡಿಕ್ಷನರಿಯಲ್ಲಿ ಹುಡುಕಿ ಇಟ್ಟ ಹೆಸರು ಸಾಂಬಾ. ಕುಳಿತವರಿಗೆ ಅದು ಬರೀ ಒಂದು ‘ಝಡ್’ ಡ್ರೈವ್. ಸರ್ವರ್ ಲಿನಕ್ಸ್ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಎಲ್ಲರ ಲಾಗಿನ್ನೂ ಒಂದೇ ಕಡೆಯಿಂದ ನಡೆಸಬೇಕು, ಅಂದರೆ ಆಕ್ಟಿವ್ ಡೈರೆಕ್ಟರಿ ಬೇಕು ಅಂದರೆ, ಅದನ್ನೂ 2012ರಲ್ಲಿ ಬಂದ ಸಾಂಬಾ 4ರಿಂದ ಮಾಡಬಹುದು. ಆದರೆ ಅದಕ್ಕೆ ಡೆಬಿಯನ್ ಅಥವಾ ಉಬುಂಟು ಆರಿಸಿ. ರೆಡ್ ಹ್ಯಾಟ್ ತನ್ನ ಸಾಂಬಾ ಪ್ಯಾಕೇಜಿನಲ್ಲಿ ಆ ಭಾಗವನ್ನು ಕೊಡುವುದಿಲ್ಲ. ಇದನ್ನು ಮೊದಲೇ ನೋಡದೆ ಹಾಕಿ ಒಂದು ಭಾನುವಾರ ಕಳೆದುಕೊಂಡಿದ್ದೇನೆ.

ಜೆರಾಕ್ಸ್ ಮೆಷಿನ್ ಒಂದನ್ನು ಮರೆಯಬೇಡಿ. ಸ್ಕ್ಯಾನ್ ಮಾಡಿದ್ದನ್ನು ಸೀದಾ ಫೋಲ್ಡರಿಗೆ ಕಳಿಸುವ ಹಳೇ ಮೆಷಿನ್‌ಗಳಿಗೆ ಎಸ್‌ಎಂಬಿ 1 ಮಾತ್ರ ಬರುತ್ತದೆ. ಅದು ಸುರಕ್ಷಿತ ಅಲ್ಲ ಅಂತ 2019ರ 4.11ನೇ ಆವೃತ್ತಿಯಿಂದ ಸಾಂಬಾ ಅದನ್ನು ಮುಚ್ಚಿಟ್ಟಿದೆ. ಹೊಸ ಸರ್ವರ್ ಹಾಕಿದ ಮರುದಿನವೇ ‘ಸ್ಕ್ಯಾನ್ ಬರ್ತಿಲ್ಲ’ ಅಂತ ಫೋನ್. ಆಗ ಸರ್ವರಿಗೆಲ್ಲ ಎಸ್‌ಎಂಬಿ 1 ತೆರೆದುಬಿಡಬೇಡಿ. ಬಹುತೇಕ ಮೆಷಿನ್‌ಗಳಿಗೆ ಎಫ್‌ಟಿಪಿ, ಅಂದರೆ ಫೈಲ್ ಕಳಿಸುವ ಇನ್ನೊಂದು ವಿಧಾನ, ಬರುತ್ತದೆ. ಸ್ಕ್ಯಾನಿಗೆ ಅಂತ ಒಂದು ಪ್ರತ್ಯೇಕ ಫೋಲ್ಡರ್ ಮಾಡಿ, ಅದಕ್ಕೆ ಮಾತ್ರ ಎಫ್‌ಟಿಪಿ ಕೊಡಿ.

ಕನ್ನಡದಲ್ಲಿ ಫೈಲ್ ಹೆಸರು ಇಟ್ಟರೆ ತೊಂದರೆ ಇಲ್ವಾ?

ಯೂನಿಕೋಡ್‌ನಲ್ಲಿ ಇಟ್ಟರೆ ಇಲ್ಲ. ಆದರೆ ಒಂದು ಗುಂಡಿ ಇದೆ, ಅದಕ್ಕೆ ನಾನೇ ಬಿದ್ದಿದ್ದೇನೆ.

ಒಂದು ಸಹಕಾರ ಸಂಘದ ಫೈಲುಗಳನ್ನು ವಿಂಡೋಸ್‌ನಿಂದ ಹೊಸ ಸರ್ವರಿಗೆ ಕಾಪಿ ಮಾಡುತ್ತಿದ್ದೆ. ಸಾವಿರಾರು ಫೈಲು ಹೋದವು, ಏಳೆಂಟು ಮಾತ್ರ ಹೋಗಲಿಲ್ಲ. ಹೆಸರು ಉದ್ದವಾಯಿತು ಅಂತ ಬರುತ್ತಿತ್ತು. ನೋಡಿದರೆ ಅಷ್ಟೇನೂ ಉದ್ದ ಇಲ್ಲ, ಪರದೆಯ ಮೇಲೆ ಒಂದೂವರೆ ಸಾಲು.

ಲೆಕ್ಕ ಹೀಗಿದೆ. ಲಿನಕ್ಸ್‌ನ ಇಎಕ್ಸ್‌ಟಿ4 ಥರದ ಫೈಲ್ ಸಿಸ್ಟಂಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಚಿಹ್ನೆಗೂ ಮೂರು. ಅದೂ ನಾವು ಬಾಯಲ್ಲಿ ಎಣಿಸುವ ಅಕ್ಷರಕ್ಕಲ್ಲ. ‘ರಾಷ್ಟ್ರ’ ನಮಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ರ, ದೀರ್ಘ, ಷ, ವಿರಾಮ, ಟ, ವಿರಾಮ, ರ, ಹೀಗೆ ಏಳು ಚಿಹ್ನೆ, 21 ಬೈಟ್. ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ’ ಅಂತ ಬರೆಯುವಷ್ಟರಲ್ಲಿ 82 ಬೈಟ್ ಖರ್ಚು. ಆಮೇಲೆ ಊರ ಹೆಸರು, ‘ವಾರ್ಷಿಕ ಸರ್ವ ಸದಸ್ಯರ ಸಭೆಯ ನಡಾವಳಿ’, ವರ್ಷ. ಮುಗೀತು. ವಿಂಡೋಸ್ ಬೈಟ್ ಎಣಿಸದೆ ಚಿಹ್ನೆ ಎಣಿಸುವುದರಿಂದ ಅಲ್ಲಿ ಈ ತೊಂದರೆ ಕಾಣಿಸಿರಲಿಲ್ಲ.

ಪರಿಹಾರ ಸರಳ. ಸಂಘದ ಹೆಸರು ಫೋಲ್ಡರಿಗೆ ಇರಲಿ, ಫೈಲಿಗೆ ‘ನಡಾವಳಿ 2023’ ಸಾಕು. ಸುಮಾರು 80 ಚಿಹ್ನೆಯೊಳಗೆ ಇದ್ದರೆ ಯೋಚನೆ ಇಲ್ಲ.

ಇನ್ನೊಂದು. ಹಳೇ ನುಡಿ, ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಸರ್ವರಿನಲ್ಲಿ ಸುಮ್ನೆ ಇರುತ್ತವೆ, ಹಾಳಾಗುವುದಿಲ್ಲ. ಆದರೆ ಒಳಗಿನ ಪದ ಹುಡುಕಿದರೆ ಸಿಗುವುದಿಲ್ಲ. ಅದು ಸರ್ವರಿನ ತಪ್ಪಲ್ಲ, ಯಾವ ಓಎಸ್ ಹಾಕಿದರೂ ಅಷ್ಟೇ.

ಮೌಸ್ ಇಲ್ದೆ ಹೇಗೆ ನೋಡ್ಕೊಳ್ಳೋದು?

ಕಾಕ್‌ಪಿಟ್ ಅಂತ ಒಂದಿದೆ, ಹಾಕಿಕೊಳ್ಳಿ. ಪಕ್ಕದ ಕಂಪ್ಯೂಟರಿನ ಬ್ರೌಸರಿನಲ್ಲಿ ಸರ್ವರಿನ ವಿಳಾಸ, 9090 ಪೋರ್ಟ್. ಡಿಸ್ಕ್ ಎಷ್ಟು ತುಂಬಿದೆ, ಯಾವ ಸೇವೆ ನಿಂತಿದೆ, ಅಪ್‌ಡೇಟ್ ಏನಿದೆ, ಎಲ್ಲ ಕಾಣುತ್ತದೆ. ಸರ್ವರಿನ ಮೇಲೇ ಡೆಸ್ಕ್‌ಟಾಪ್ ಹಾಕಬೇಡಿ. ಹಾಕಿದರೆ ಯಾರೋ ಬಂದು ಅದರಲ್ಲಿ ಯೂಟ್ಯೂಬ್ ನೋಡ್ತಾರೆ.

ಲಿನಕ್ಸ್‌ಗೆ ವೈರಸ್ ಬರಲ್ಲ ಅಲ್ವಾ?

ಹಾಗಂತ ಹೇಳಿ ಕೆಲಸ ಹಿಡಿಯುವವರನ್ನು ನಂಬಬೇಡಿ. ಕಡಿಮೆ, ನಿಜ. ಆದರೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಸರ್ವರಿಗೆ ಬರಬೇಕಿಲ್ಲ. ಯಾರದೋ ವಿಂಡೋಸ್‌ಗೆ ಬಂದರೆ ಸಾಕು, ಅವರಿಗೆ ಬರೆಯುವ ಅನುಮತಿ ಇರುವ ‘ಝಡ್’ ಡ್ರೈವ್‌ನ ಎಲ್ಲವನ್ನೂ ಅಲ್ಲಿಂದಲೇ ಕೆಡಿಸುತ್ತದೆ. ಸರ್ವರಿನ ದೃಷ್ಟಿಯಲ್ಲಿ ಅದು ಮಾಮೂಲಿ ಫೈಲ್ ಸೇವ್.

ಇದಕ್ಕೆ ಮದ್ದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಫೈಲುಗಳನ್ನು ಇದ್ದ ಹಾಗೇ ಹಿಡಿದಿಡುವುದು. ಝಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಹಾಕಿ ಗಂಟೆಗೊಂದು ಸ್ನ್ಯಾಪ್‌ಶಾಟ್ ತೆಗೆಯುವಂತೆ ಮಾಡಿದರೆ, ಬೆಳಗ್ಗೆ 10ರ ಸ್ಥಿತಿಗೆ ವಾಪಸ್ ಹೋಗಬಹುದು. ಸಾಂಬಾದಲ್ಲಿ ಸ್ವಲ್ಪ ಹೊಂದಿಸಿದರೆ ಆ ಹಳೇ ಪ್ರತಿಗಳು ವಿಂಡೋಸ್‌ನ ‘ಪ್ರೀವಿಯಸ್ ವರ್ಷನ್ಸ್’ನಲ್ಲೇ ಕಾಣುತ್ತವೆ. ಪ್ರೆಸ್ಸಿನ ಡಿಟಿಪಿ ಹುಡುಗಿಗೆ ಇದನ್ನು ತೋರಿಸಿಕೊಟ್ಟ ಮೇಲೆ ‘ಅಳಿಸಿಬಿಟ್ಟೆ ಸಾರ್’ ಅನ್ನುವ ಫೋನ್ ನಿಂತೇಹೋಯಿತು.

ಸೆಕ್ಯುರಿಟಿ ಅಪ್‌ಡೇಟ್ ತಾನೇ ಹಾಕಿಕೊಳ್ಳುವಂತೆ ಬಿಡಿ. ಹೊರಗಿನಿಂದ ಎಸ್‌ಎಸ್‌ಎಚ್ ಬೇಕಾದರೆ ಪಾಸ್‌ವರ್ಡ್ ಮುಚ್ಚಿ, ಕೀ (ಪಾಸ್‌ವರ್ಡ್ ಬದಲಿಗೆ ಬಳಸುವ ಗುಟ್ಟಿನ ಫೈಲ್) ಇಟ್ಟು ಮಾತ್ರ.

ಕರೆಂಟ್ ಹೋದ್ರೆ?

ಯುಪಿಎಸ್ ಇದ್ದರೆ ಸಾಲದು, ಅದರಿಂದ ಸರ್ವರಿಗೆ ಒಂದು ಯುಎಸ್‌ಬಿ ಕೇಬಲ್ ಇರಬೇಕು. ಆ ಕೇಬಲ್ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ, ಹೋಗಿ ನೋಡಿ. ‘ನಟ್’ ಅನ್ನುವ ತಂತ್ರಾಂಶ ಹಾಕಿದರೆ ಬ್ಯಾಟರಿ ಇಳಿದಾಗ ಸರ್ವರ್ ತಾನೇ ನೀಟಾಗಿ ಮಲಗುತ್ತದೆ. ಕರೆಂಟ್ ಬಂದಾಗ ತಾನೇ ಏಳಬೇಕಾದರೆ ಬಯಾಸ್‌ನಲ್ಲಿ ಅದಕ್ಕೊಂದು ಸೆಟ್ಟಿಂಗ್ ಇದೆ. ಇದನ್ನು ಮರೆತರೆ ಸೋಮವಾರ ಬೆಳಗ್ಗೆ ಯಾರಾದರೂ ಬೀಗ ತೆಗೆದು ಬಟನ್ ಒತ್ತುವವರೆಗೆ ಆಫೀಸು ಬಂದ್.

ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ?

ರೇಡ್ ಡಿಸ್ಕ್ ಸತ್ತರೆ ಕಾಪಾಡುತ್ತದೆ. ನೀವು ಅಳಿಸಿದರೆ ಎರಡೂ ಡಿಸ್ಕಿನಿಂದ ಬಹಳ ಶ್ರದ್ಧೆಯಿಂದ ಅಳಿಸುತ್ತದೆ. ಆದ್ದರಿಂದ ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಆಫೀಸಿನ ಹೊರಗೆ. ಬ್ಯಾಕಪ್ ತಂತ್ರಾಂಶಗಳಲ್ಲಿ ಬೋರ್ಗ್, ರೆಸ್ಟಿಕ್ ಎರಡೂ ಒಳ್ಳೆಯವು, ಬದಲಾದ ಭಾಗವನ್ನಷ್ಟೇ ಕಳಿಸುತ್ತವೆ.

ನನ್ನ ಮಾನ ಹೋದ ಕಥೆ ಕೇಳಿ. ಒಂದು ಕಡೆ ರಾತ್ರಿ ರಾತ್ರಿ ಯುಎಸ್‌ಬಿ ಡಿಸ್ಕಿಗೆ ಬ್ಯಾಕಪ್ ಹೋಗುವಂತೆ ಮಾಡಿದ್ದೆ. ಕಸ ಗುಡಿಸುವಾಗ ಯಾವತ್ತೋ ಕೇಬಲ್ ಸಡಿಲವಾಗಿದೆ. ಡಿಸ್ಕ್ ಮೌಂಟ್ ಆಗಿಲ್ಲ, ಅಂದರೆ ಸರ್ವರಿಗೆ ಸೇರಿಕೊಂಡಿಲ್ಲ. ಲಿನಕ್ಸ್‌ನಲ್ಲಿ ಡಿಸ್ಕ್ ಇಲ್ಲದಿದ್ದರೂ ಆ ಹೆಸರಿನ ಖಾಲಿ ಫೋಲ್ಡರ್ ಹಾಗೇ ಇರುತ್ತದಲ್ಲ, ಸ್ಕ್ರಿಪ್ಟು ಅದರೊಳಗೇ ತುಂಬುತ್ತಾ ಹೋಗಿದೆ. ಅಂದರೆ ಏಳು ತಿಂಗಳು ಸರ್ವರ್ ತನ್ನ ಬ್ಯಾಕಪ್ಪನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿತ್ತು. ದಿನಾ ಬೆಳಗ್ಗೆ ‘ಯಶಸ್ವಿ’ ಅಂತ ಮೇಲ್ ಬರುತ್ತಿತ್ತು, ನಾನು ಓದಿ ಖುಷಿಪಡುತ್ತಿದ್ದೆ. ಡಿಸ್ಕ್ ತುಂಬಿ ಸರ್ವರ್ ನಿಂತ ದಿನ ಗೊತ್ತಾಯಿತು. ಅವತ್ತು ಡೇಟಾ ಹೋಗಲಿಲ್ಲ, ಪುಣ್ಯ. ಈಗ ಡಿಸ್ಕ್ ನಿಜಕ್ಕೂ ಮೌಂಟ್ ಆಗಿದೆಯಾ ಅಂತ ನೋಡಿಯೇ ಸ್ಕ್ರಿಪ್ಟ್ ಶುರುವಾಗುತ್ತದೆ. ತಿಂಗಳಿಗೊಮ್ಮೆ ಒಂದು ಫೈಲನ್ನು ಬ್ಯಾಕಪ್ಪಿನಿಂದ ತೆಗೆದು ತೆರೆದು ನೋಡುತ್ತೇನೆ.

ಕಾನೂನು ಏನಾದ್ರೂ ಇದೆಯಾ?

ಎರಡು ಗೊತ್ತಿರಲಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಲಾಗ್‌ಗಳನ್ನು (ಸರ್ವರಿನಲ್ಲಿ ಏನೇನಾಯಿತು ಅನ್ನುವ ದಾಖಲೆ) 180 ದಿನ ಇಡಬೇಕು, ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಅನ್ನುವ ಸರ್ಕಾರಿ ಸಂಸ್ಥೆಗಳ ಸಮಯಕ್ಕೆ ಹೊಂದಿಸಬೇಕು, ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಹಳೇ ಲಾಗ್ ಅಳಿಸುತ್ತಾ ಹೋಗುವ ಡೆಬಿಯನ್‌ನ ಲಾಗ್‌ರೊಟೇಟ್ ಹಾಕಿದಾಗ ಇರುವ ಲೆಕ್ಕ ಬರೀ 4 ವಾರ. ಅದನ್ನು 26 ಮಾಡಿ, 182 ದಿನ ಆಗುತ್ತದೆ. ಜರ್ನಲ್ ಅನ್ನುವ ಇನ್ನೊಂದು ಲಾಗ್‌ಗೂ ಅಳತೆಯ ಮಿತಿ ಇರುತ್ತದೆ, ಅದನ್ನೂ ಹೆಚ್ಚಿಸಿ. ಎರಡನೆಯದು, ಕಂಪನಿಯಾಗಿ ನೋಂದಣಿ ಆಗಿದ್ದು ಲೆಕ್ಕಪುಸ್ತಕ ಕಂಪ್ಯೂಟರಿನಲ್ಲಿದ್ದರೆ, ಅದರ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನಾ ಇರಬೇಕು. ಇದೂ 2022ರ ತಿದ್ದುಪಡಿ. ನಿಮಗೆ ಎಷ್ಟು ಅನ್ವಯ ಅಂತ ಆಡಿಟರ್ ಹತ್ತಿರ ಕೇಳಿ.

ನಾನೇ ಹಾಕಿ ನೋಡಬಹುದಾ?

ನೋಡಿ, ಹಳೇ ಮೆಷಿನ್ನಿನಲ್ಲಿ. ಡೆಬಿಯನ್ ಇನ್‌ಸ್ಟಾಲರಿನಲ್ಲಿ ಎರಡು ಕಡೆ ನಿಲ್ಲಿ. ರೂಟ್ (ಎಲ್ಲ ಅಧಿಕಾರ ಇರುವ ಮುಖ್ಯ ಖಾತೆ) ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಟ್ಟು ಮುಂದೆ ಹೋಗಿ, ಆಗ ಮೊದಲ ಬಳಕೆದಾರರಿಗೆ ‘ಸುಡೋ’, ಅಂದರೆ ಬೇಕಾದಾಗ ಆ ಮುಖ್ಯ ಖಾತೆಯ ಹಾಗೆ ಕೆಲಸ ಮಾಡುವ ಅಧಿಕಾರ ತಾನೇ ಬರುತ್ತದೆ. ಕೊನೆಯಲ್ಲಿ ಏನೇನು ಹಾಕಲಿ ಅಂತ ಪಟ್ಟಿ ಬಂದಾಗ ಡೆಸ್ಕ್‌ಟಾಪ್ ಮುಂದಿನ ಗುರುತು ತೆಗೆದು, ಎಸ್‌ಎಸ್‌ಎಚ್ ಸರ್ವರ್ ಮತ್ತು ಸ್ಟ್ಯಾಂಡರ್ಡ್ ಯುಟಿಲಿಟೀಸ್ ಎರಡನ್ನೇ ಬಿಡಿ. ಅರ್ಧ ಗಂಟೆಯ ಕೆಲಸ.

ನಾಳೆ ನೀವು ಸಿಗದಿದ್ರೆ ಏನ್ ಮಾಡೋದು?

ಕೇಳಬೇಕಾದ ಪ್ರಶ್ನೆ ಇದು, ಕೇಳುವವರು ಕಡಿಮೆ. ಪ್ರತಿ ಆಫೀಸಿನಲ್ಲೂ ಸರ್ವರಿನ ಮೇಲೆ ಒಂದು ನೋಟ್ ಪುಸ್ತಕ ಇಟ್ಟಿದ್ದೇನೆ. ಯಾವ ಓಎಸ್, ಅಪ್‌ಡೇಟ್ ಯಾವಾಗ ನಿಲ್ಲುತ್ತದೆ, ಐಪಿ ವಿಳಾಸ, ಡಿಸ್ಕ್ ಯಾವ ಅಂಗಡಿಯದು, ಬ್ಯಾಕಪ್ ಎಲ್ಲಿದೆ, ನಿಂತರೆ ಮೊದಲು ಏನು ಮಾಡಬೇಕು. ಪಾಸ್‌ವರ್ಡ್ ಸೀಲ್ ಮಾಡಿದ ಕವರಿನಲ್ಲಿ, ಬೀರುವಿನೊಳಗೆ. ನಾನು ಹಾಕಿರುವುದು ಮಾಮೂಲಿ ಡೆಬಿಯನ್ ಆದ್ದರಿಂದ ಲಿನಕ್ಸ್ ಗೊತ್ತಿರುವ ಯಾರು ಬಂದರೂ ಮುಂದುವರಿಸಬಹುದು.

ಹೋದ ವರ್ಷ ನೆಂಟರ ಮದುವೆಯಲ್ಲಿ ನನ್ನ ಫೋನ್ ಸ್ವಿಚ್ ಆಫ್ ಆಗಿದ್ದಾಗ ಒಂದು ಆಫೀಸಿನ ಸರ್ವರ್ ನಿಂತಿತ್ತು. ಅಲ್ಲಿನ ಅಕೌಂಟೆಂಟ್ ಮೇಡಂ ಪುಸ್ತಕ ತೆಗೆದು, ಸಾಲು ಸಾಲಾಗಿ ಓದಿಕೊಂಡು ಅವರೇ ಎಬ್ಬಿಸಿದ್ದರು. ಸಂಜೆ ಫೋನ್ ಮಾಡಿದರೆ ಶಭಾಷ್ ಅನ್ನುವ ಮೊದಲೇ ಬೈದರು, ‘ನಿಮ್ಮ ಅಕ್ಷರ ಒಂದೂ ಓದೋಕಾಗಲ್ಲ ರೀ’ ಅಂತ. ಈಗ ಎಲ್ಲಾ ಪ್ರಿಂಟ್ ತೆಗೆದು ಅಂಟಿಸಿದ್ದೇನೆ.